ಹಾಲಕ್ಕಿ ಅಜ್ಜಿಯ ಮಾತೂ ದಾಖಲೆಯೇ

ಮಾನ್ಯ ಸಂಪಾದಕರೆ,

ಆಗಸ್ಟ್ 9 ಬಂತೆಂದರೆ ನಮ್ಮ ಕಡೆ ಗುಮಟೆ ಎಂಬ ಮಣ್ಣಿನ ವಾದ್ಯದ ಸದ್ದು ಕೇಳುತ್ತದೆ. ಮೂಲನಿವಾಸಿಗಳ ದಿನ ಅಲ್ವಾ! ಈ ಸಲ ನಾನೂ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡಕ್ಕೆ ಸಿಕ್ಕಿದ್ದು ಹತ್ತು ನಿಮಿಷ. ಹೂವು, ಬಣ್ಣದ ಕಾಗದದ ಆ ತುರಾಯಿಯನ್ನು ತಲೆಗೆ ಬಿಗಿದುಕೊಳ್ಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹೋಳಿ ಹುಣ್ಣಿಮೆ ಹೊತ್ತಿಗೆ ಮನೆಮನೆಯ ಅಂಗಳದಲ್ಲಿ ಕುಣಿಯುವ ಕುಣಿತ ಅದು. ಆಗಸ್ಟ್ ಮಳೆಯಲ್ಲಿ, ಸಭಾಭವನದ ಫ್ಯಾನಿನ ಕೆಳಗೆ... ಇರಲಿ ಬಿಡಿ.

ನಾನು ಹೇಳಹೊರಟಿದ್ದು ಬೇರೆ. ನಮ್ಮ ಮನೆ ಹತ್ತಿರದ ಕೊಪ್ಪದಲ್ಲಿ, ಅಂದರೆ ಹಾಲಕ್ಕಿಗಳ ಕೇರಿಯಲ್ಲಿ, ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಅರಣ್ಯ ಹಕ್ಕಿನ ಅರ್ಜಿ ವಿಚಾರಕ್ಕೆ ಅವರ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಕೊರಳ ತುಂಬ ಕರಿಮಣಿ ಸರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ರೇಷನ್ ಕಾರ್ಡು, ಮತದಾರರ ಚೀಟಿ, ಎಲೆ-ಅಡಕೆ. ಮೇಜಿನ ಆಚೆಯವರು ಕೇಳಿದ್ದು, ‘1930ಕ್ಕಿಂತ ಹಿಂದಿನ ಕಾಗದ ಏನಾದರೂ ಇದೆಯಾ?’ ಅಜ್ಜಿ ನನ್ನ ಮುಖ ನೋಡಿದರು. ‘ಕಾಗದ ಎಲ್ಲಿಂದ ತರೂದು ತಮಾ? ನಮ್ಮ ಮಾವನ ಅಪ್ಪ ತೋಡಿದ ಬಾವಿ ಅದೆ. ಬಂದು ನೋಡೂಕೆ ಹೇಳು.’ ಮೇಜಿನ ಆಚೆಯವರು ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ ಅರ್ಜಿ ಮಾತ್ರ ವಾಪಸ್ ಚೀಲಕ್ಕೆ ಬಂತು.

ಈ 1930 ಎಲ್ಲಿಂದ ಬಂತು ಅಂದರೆ, 2006ರ ಅರಣ್ಯ ಹಕ್ಕು ಕಾಯ್ದೆಯಿಂದ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನಲ್ಲಿ ಇದ್ದರೆ ಸಾಕು. ಉಳಿದವರು ಆ ದಿನಕ್ಕೂ ಮೂರು ತಲೆಮಾರು ಹಿಂದಿನಿಂದ ಅಲ್ಲಿದ್ದವರಾಗಿರಬೇಕು. ತಲೆಮಾರಿಗೆ 25 ವರ್ಷ, ಒಟ್ಟು 75. ಹಾಲಕ್ಕಿಗಳು ಇನ್ನೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಲ್ಲ, ಹಾಗಾಗಿ ಈ 75ರ ಲೆಕ್ಕ. 1930 ಅಂದರೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ. ಕಾಡಂಚಿನಲ್ಲಿ ರಾಗಿ, ಗೆಣಸು ಬೆಳೆದುಕೊಂಡು ಓದುಬರಹ ಇಲ್ಲದೆ ಬದುಕಿದವರ ಮನೆಯಲ್ಲಿ ಆಗಿನ ಕಾಗದ ಹುಡುಕಿದರೆ ಸಿಗುತ್ತದೆಯೇ?

ಪಟ್ಟಿಯ ಕಥೆಯೂ ವಿಚಿತ್ರ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಿದ್ದಿಗಳು. ಅವರು 2003ರಲ್ಲಿ ಪಟ್ಟಿ ಸೇರಿದರು, ಒಳ್ಳೆಯದೇ ಆಯಿತು. ಅದೇ ವರ್ಷ ಗೋವಾದ ಕುಣಬಿ ಸಮುದಾಯದವರೂ ಸೇರಿದರು. ಗಡಿಯ ಈಚೆ ಜೋಯಿಡಾದಲ್ಲಿರುವ ಕುಣಬಿಗಳು ಮಾತ್ರ ಹೊರಗೇ ಉಳಿದರು. ಮಾತು ಒಂದೇ, ದೇವರು ಒಂದೇ, ನೆಂಟಸ್ತನವೂ ಉಂಟು.

ಪಟ್ಟಿ ದಿಲ್ಲಿಯ ಕೈಯಲ್ಲಿದೆ, ಆ ಬಗ್ಗೆ ಇಲ್ಲಿ ಕೂತು ಜಗಳ ಆಡಿ ಪ್ರಯೋಜನ ಇಲ್ಲ. ಆದರೆ ಅರಣ್ಯ ಹಕ್ಕಿನ ನಿಯಮಗಳನ್ನು ಯಾರಾದರೂ ಪೂರ್ತಿ ಓದಿದ್ದಾರೆಯೇ? 13ನೇ ನಿಯಮ ನೋಡಿ. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಸುಡುಗಾಡು, ದೇವರ ಬನ ಎಲ್ಲವೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು, ಅಷ್ಟೇ. ಇಂಥದ್ದೇ ಕಾಗದ ತನ್ನಿ ಅಂತ ಪಟ್ಟು ಹಿಡಿಯಬಾರದು ಅಂತ 2012ರ ತಿದ್ದುಪಡಿ ಹೇಳುತ್ತದೆ. ಅಂದರೆ ಅಜ್ಜಿ ಹೇಳಿದ ಬಾವಿ ನಗುವ ವಿಷಯ ಆಗಿರಲಿಲ್ಲ.

ಅದಕ್ಕೇ ಈ ಪತ್ರ. ಪ್ರತಿ ಗ್ರಾಮ ಅರಣ್ಯ ಹಕ್ಕು ಸಮಿತಿಯೂ ಕೊಪ್ಪಗಳಿಗೆ ಹೋಗಿ ಹಿರಿಯರ ಮಾತು ಬರೆದುಕೊಳ್ಳಲಿ. ಯಾರ ಮನೆ ಎಲ್ಲಿತ್ತು, ಸುಗ್ಗಿ ಯಾವ ಅಂಗಳದಿಂದ ಹೊರಡುತ್ತಿತ್ತು, ಯಾವ ಬನಕ್ಕೆ ಕಾಯಿ ಒಡೆಯುತ್ತಿದ್ದರು, ಇದೆಲ್ಲ ಅವರಿಗೆ ಬಾಯಿಪಾಠ. 2024ರ ಡಿಸೆಂಬರಿನಲ್ಲಿ ಗಿಡ ನೆಟ್ಟು ಬೆಳೆಸಿದ ಹಾಲಕ್ಕಿ ಅಜ್ಜಿ, ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಎರಡೇ ತಿಂಗಳಿಗೆ ಹಾಲಕ್ಕಿ ಹಾಡುಗಾರ್ತಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಹಾಗಾಗಿ ಪೇಪರಿನಲ್ಲಿ ಬಂತು. ಹೆಸರಿಲ್ಲದೆ ಹೋಗುವ ಅಜ್ಜಿಯರ ಜೊತೆ ಎಷ್ಟು ಬಾವಿಗಳ ಕಥೆ ಹೋಗುತ್ತದೋ.

ನಮ್ಮ ಅಜ್ಜಿಗೆ ಈಗ ಎಡಗಿವಿ ಕೇಳುವುದಿಲ್ಲ. ಬರುವವರು ಬಲಗಡೆ ಕೂತು ಸ್ವಲ್ಪ ಜೋರಾಗಿ ಕೇಳಬೇಕು. ಬೆಳಿಗ್ಗೆ ಗಂಜಿ ಕುಡಿದ ಮೇಲೆ ಬಂದರೆ ಒಳ್ಳೆಯದು, ಮಧ್ಯಾಹ್ನ ಗದ್ದೆ ಕಡೆ ಹೋಗಿರುತ್ತಾರೆ.

— ನಿಮ್ಮ ಓದುಗ, ಅಂಕೋಲಾ