ಅತ್ತಿಗೆಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ಸೋಮವಾರದಿಂದ ಮತ್ತೆ ಪಾಠ ಮಾಡಲು ಶಾಲೆಗೆ ಹೋಗುತ್ತಿದ್ದೇನೆ. ಸುದ್ದಿ ಕೇಳಿ ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲು ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಫಿಟ್ಸ್ ವಿಷಯ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಆಮೇಲಿನದು. ಮಾತ್ರೆ ಹಿಡಿಯಿತು, ಫಿಟ್ಸ್ ನಿಂತಿತು, ಮನೆಯವರು ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತಿತ್ತು. ಬಸ್ ಹತ್ತಲು ಭಯ, ಒಲೆ ಮುಂದೆ ನಿಲ್ಲಲು ಭಯ. ಸುಮ್ನೆ ಸುಮ್ನೆ ಸಿಟ್ಟು. "ಈಗ ಬರ್ತಿಲ್ವಲ್ಲ, ಇನ್ನೇನು?" ಅಂತ ಕೇಳಿದವರಿಗೆ ಏನು ಹೇಳಲಿ?

ಅತ್ತಿಗೆ ಹಾಗೆ ಕೇಳಲಿಲ್ಲ. ಬಚ್ಚಲುಮನೆಗೆ ಚಿಲಕ ಹಾಕಿಕೊಳ್ಳಬಾರದು ಅಂದಿದ್ದರು ಡಾಕ್ಟರು. ಅದು ನನಗೆ ದಿನಾ ಅವಮಾನ. ಒಂದು ದಿನ ನೋಡಿದರೆ ಬಾಗಿಲ ಒಳಗಡೆ ಹಗ್ಗ ಕಟ್ಟಿ, ತಮ್ಮ ಹಳೇ ಹತ್ತಿ ಸೀರೆಯನ್ನು ಇಳಿಬಿಟ್ಟಿದ್ದರು. "ಚಿಲಕ ಇಲ್ಲದಿದ್ರೂ ಮರೆ ಬೇಕಲ್ವಾ" ಅಂದರು, ಅಷ್ಟೇ. ನನ್ನ ಸ್ನಾನ ಮುಗಿಯುವವರೆಗೆ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದರು. ನಡುನಡುವೆ ನಾನು ಹೂಂ ಅನ್ನಬೇಕು. ಅನ್ನದಿದ್ದರೆ ಒಳಗೆ ಬರುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಆ ರಾತ್ರಿ. ಮದುವೆ ಮಾತು ಮುರಿದುಬಿದ್ದ ದಿನ. ಮದುವೆಗೆ ಅಡ್ಡಿ ಎನ್ನುವ ಪಟ್ಟಿಯಲ್ಲಿದ್ದ ಮೂರ್ಛೆ ರೋಗವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದಿದ್ದಾರೆ. ಜನರ ಬಾಯಲ್ಲಿ ಅದು ಹಾಗೇ ಇದೆ. "ನಾನ್ಯಾಕೆ ಇರಬೇಕು ಅತ್ತಿಗೆ" ಅಂದುಬಿಟ್ಟೆ. ಅವರು ಹೆದರಿದ್ದು ಮುಖದಲ್ಲೇ ಕಂಡಿತು. ಆದರೂ ಬಿಡ್ತು ಅನ್ನು ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. ಅಡುಗೆಮನೆ ನೆಲದ ಮೇಲೆ ನನ್ನ ಪಕ್ಕ ಕೂತು, "ಸಾಯ್ಬೇಕು ಅನಿಸ್ತಿದ್ಯೇನೇ?" ಅಂತ ನೇರವಾಗಿ ಕೇಳಿದರು. ಹೌದು ಅಂದೆ. ಹಾಗೆ ಹೇಳಲು ಒಬ್ಬರು ಸಿಕ್ಕಿದ್ದೇ ನನ್ನನ್ನು ಉಳಿಸಿತು. ಮಾತ್ರೆ ಡಬ್ಬಿ ತಮ್ಮ ಹತ್ತಿರ ಇಟ್ಟುಕೊಂಡರು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಅದರ ನಂಬರ್ 14416ಕ್ಕೆ ಫೋನ್ ಮಾಡಿದರು. ಅಲ್ಲಿ ಅಷ್ಟು ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುವವರು ಸಿಕ್ಕರು. ಅತ್ತಿಗೆ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಫಿಟ್ಸ್ ಮಾತ್ರೆಯನ್ನು ಅವರೇ ಕೈಗೆ ಕೊಟ್ಟರು. ಅದು ತಪ್ಪಬಾರದು ಅನ್ನುವುದನ್ನು ಆ ಗಾಬರಿಯಲ್ಲೂ ಮರೆತಿರಲಿಲ್ಲ.

ಡಾಕ್ಟರ ಮುಂದೆ ಬಾಯಿ ಬಿಟ್ಟವರೂ ಅವರೇ. ಡಾಕ್ಟರು ಒಂದು ಹಾಳೆ ಕೊಟ್ಟರು. ಎರಡು ವಾರದಿಂದ ಹೇಗಿದ್ದೀಯ ಅಂತ ಆರು ಪ್ರಶ್ನೆ. ಏನು ಮಾಡಿದರೂ ಕಷ್ಟ ಅನಿಸುತ್ತಾ, ಯಾವುದರಲ್ಲೂ ಖುಷಿ ಸಿಗ್ತಿಲ್ವಾ, ಹೀಗೆ. ಫಿಟ್ಸ್ ಇರುವವರಿಗೆಂದೇ ಮಾಡಿದ ಹಾಳೆ ಅದು. ಖಿನ್ನತೆ ಈ ಕಾಯಿಲೆ ಇರುವವರಲ್ಲಿ ಜಾಸ್ತಿ ಅಂದರು. ನಾನು ತಗೊಳ್ಳುತ್ತಿದ್ದ ಫಿಟ್ಸ್ ಮಾತ್ರೆ ಲೆವೆಟಿರಾಸಿಟಾಮ್‌ನಿಂದಲೂ ಕೆಲವರಿಗೆ ಸಿಟ್ಟು, ಬೇಸರ ಹೆಚ್ಚಾಗುತ್ತದಂತೆ. ನಿಧಾನಕ್ಕೆ ಮಾತ್ರೆ ಬದಲಿಸಿದರು, ಆಪ್ತಸಮಾಲೋಚನೆಗೂ ಕಳಿಸಿದರು. ನಾನು ಕೆಟ್ಟವಳಾಗಿಲ್ಲ, ಇದಕ್ಕೂ ಚಿಕಿತ್ಸೆ ಇದೆ ಅಂತ ಗೊತ್ತಾದಾಗ ಆಸ್ಪತ್ರೆಯ ಬೆಂಚಿನ ಮೇಲೇ ಅತ್ತುಬಿಟ್ಟೆ.

ಆ ಡಾಕ್ಟರಿಗೆ, ಅಪ್ಪ ಅಮ್ಮನಿಗೆ, ಅಣ್ಣನಿಗೆ, ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಟೀಚರುಗಳಿಗೆ, ನನ್ನ ಜಾಗ ಹಾಗೇ ಉಳಿಸಿಕೊಂಡ ಹೆಡ್‌ಮಿಸ್‌ಗೆ ತುಂಬಾ ತುಂಬಾ ಥ್ಯಾಂಕ್ಸ್.

ಸ್ಟಾಫ್ ರೂಮಿನಲ್ಲಿ ಮಿಸ್ ಒಬ್ಬರು, "ಮತ್ತೆ ಬಂದರೆ ನಾವೇನು ಮಾಡ್ಬೇಕು?" ಅಂತ ಕೇಳಿದರು. ಕೇಳಿದ್ದು ಬಹಳ ಸಂತೋಷ. ಕೈಗೆ ಕಬ್ಬಿಣ ಬೇಡ, ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಮಾರನೇ ದಿನ ಮನಸ್ಸು ಹೇಗಿದೆ ಅಂತಲೂ ಒಂದು ಮಾತು ಕೇಳಿ.

ಅತ್ತಿಗೆ, ಭಯ ಪೂರ್ತಿ ಹೋಗಿಲ್ಲ. ಇವತ್ತೂ ಬಸ್ಸಿನಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದೆ. ಆದರೆ ಸಂಜೆ ಬಂದವಳೇ ಹೊಟ್ಟೆ ಹಸೀತಿದೆ ಅಂದೆನಲ್ಲ, ಅದು ನಿಮ್ಮ ಸಮಾಧಾನಕ್ಕೆ ಹೇಳಿದ್ದಲ್ಲ. ಎಷ್ಟೋ ತಿಂಗಳ ಮೇಲೆ ನಿಜವಾಗಲೂ ಹಸಿವಾಗಿತ್ತು.