ಹೆರಿಗೆ ವಾರ್ಡಿನ ಆ ರಾತ್ರಿಯ ಸಿಸ್ಟರ್‌ಗೆ

ಸಿಸ್ಟರ್, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ನಾನು ಎಚ್ಚರವಾಗುವಷ್ಟರಲ್ಲಿ ನಿಮ್ಮ ಡ್ಯೂಟಿ ಮುಗಿದಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಚೊಚ್ಚಲ ಹೆರಿಗೆ. ರಾತ್ರಿಯಿಡೀ ನೋವು. ನೀವು ಅರ್ಧ ಗಂಟೆಗೊಮ್ಮೆ ಬಂದು, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇಡುತ್ತಿದ್ದಿರಿ. ಇನ್ನೊಂದು ಕೈಯಲ್ಲಿ ನನ್ನ ನಾಡಿ. ಅದ್ಯಾಕೆ ಅಂದೆ. "ನಿನ್ನ ಬಡಿತವನ್ನೇ ಮಗುವಿನದು ಅಂದ್ಕೋಬಾರದು ಅಲ್ವಾಮ್ಮ" ಅಂದಿರಿ. ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160ರೊಳಗಿದ್ದರೆ ಸರಿಯಾಗಿದೆ ಅಂತ ಹೇಳಿಕೊಟ್ಟಿರಿ. ಆಮೇಲೆ ನಾನೂ ಅಂಕಿ ನೋಡುತ್ತಾ ಮಲಗಿದೆ.

ಒಂದು ಸಲ ಅದು 96ಕ್ಕೆ ಇಳಿಯಿತು. ನೀವು ಕೂಗಾಡಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿ, ನನ್ನನ್ನು ಎಡಗಡೆಗೆ ಹೊರಳಿಸಿದಿರಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತುತ್ತದಂತೆ, ಮಗುವಿಗೆ ರಕ್ತ ಕಡಿಮೆಯಾಗುತ್ತದಂತೆ. ಡಾಪ್ಲರ್ ತೆಗೆಯದೆ ನಿಂತೇ ಇದ್ದಿರಿ. "112... 124... 138, ನೋಡಮ್ಮ, ಬಂತು." ಆ ದನಿ ಇನ್ನೂ ಕಿವಿಯಲ್ಲಿದೆ.

ಅಷ್ಟು ಹೆರಿಗೆಗಳ ನಡುವೆ ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ಮಗಳಿಗೆ ಈಗ ಮೂರು ತಿಂಗಳು. ಎದೆಗೆ ಒರಗಿ ಮಲಗಿದಾಗ ಅವಳ ಬಡಿತ ಕೈಗೆ ಸಿಗುತ್ತದೆ. ತುಂಬಾ ಥ್ಯಾಂಕ್ಸ್, ಸಿಸ್ಟರ್.