ಅಜ್ಜಿಯ ಮರೆವು, ನೀನು ಹೇಳಿದ ಇಂಜೆಕ್ಷನ್

ಪ್ರೀತಿಯ ಪುಟ್ಟಿ,

ಆಲ್ಜೈಮರ್ಸ್ ಮರೆವಿನ ಕಾಯಿಲೆಗೆ ಬಂದಿರುವ ಲೆಕಾನೆಮಾಬ್ ಇಂಜೆಕ್ಷನ್ ಬಗ್ಗೆ ನೀನು ಕಳಿಸಿದ್ದನ್ನೆಲ್ಲ ಓದಿದೆ. "ಖರ್ಚು ನಾನು ನೋಡ್ಕೋತೀನಿ, ಅಜ್ಜಿಗೆ ಕೊಡಿಸೋಣ" ಅಂದೆಯಲ್ಲ, ಫೋನಿನಲ್ಲಿ ಥಟ್ಟನೆ ಬೇಡ ಅಂದರೆ ನಿನಗೆ ಬೇಜಾರಾಗುತ್ತದೆ ಅಂತ ಬರೆಯಲು ಕೂತೆ. ಪಿಯು ಮಕ್ಕಳಿಗೆ ವರ್ಷಗಟ್ಟಲೆ ನರಕೋಶದ ಚಿತ್ರ ಬರೆಸಿದವಳು ನಾನು, ಸ್ವಲ್ಪ ಪಾಠದ ಧಾಟಿ ಬಂದರೆ ಸಹಿಸಿಕೋ.

ಮಿದುಳಿನ ಸುಮಾರು 8,600 ಕೋಟಿ ನರಕೋಶಗಳು ಹೆಚ್ಚಾಗಿ ಒಂದಕ್ಕೊಂದು ತಾಗಿಕೊಂಡಿಲ್ಲ. ನಡುವೆ ಸಿನಾಪ್ಸ್ ಅನ್ನುವ ಸಂದು, ಅಗಲ ಸುಮಾರು 20 ನ್ಯಾನೊಮೀಟರ್. ಈ ಕಡೆಯಿಂದ ಚಿಮ್ಮಿದ ರಾಸಾಯನಿಕ ಆ ಕಡೆಯ ಗ್ರಾಹಕಕ್ಕೆ (ರಿಸೆಪ್ಟರ್) ತಾಗಿದರೆ ಸುದ್ದಿ ದಾಟಿದ ಹಾಗೆ. ನಾವು ಕಲಿತದ್ದು, ನೆನಪಿಟ್ಟದ್ದು ಎಲ್ಲ ಬಹುಮಟ್ಟಿಗೆ ಈ ಸಂದುಗಳ ಬಲಾಬಲದಲ್ಲೇ ಇದೆ. ಆಲ್ಜೈಮರ್ಸ್‌ನಲ್ಲಿ ಕೋಶಗಳು ಸಾಯುತ್ತವೆ ಅನ್ನುವುದು ನಿನಗೂ ಗೊತ್ತು. ಆದರೆ ಅದಕ್ಕೆ ಮುಂಚೆಯೇ ಸಿನಾಪ್ಸ್‌ಗಳು ಉದುರತೊಡಗುತ್ತವೆ. ಮರೆವು ಎಷ್ಟು ಬಲಿತಿದೆ ಅನ್ನುವುದು ಮಿದುಳಿನಲ್ಲಿ ಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳ ಲೆಕ್ಕಕ್ಕಿಂತ ಸಿನಾಪ್ಸ್ ನಷ್ಟಕ್ಕೇ ಹೆಚ್ಚು ತಾಳೆಯಾಗುತ್ತದೆ ಎಂದು ವಿಜ್ಞಾನಿ ರಾಬರ್ಟ್ ಟೆರ್ರಿ ಮತ್ತು ಸಂಗಡಿಗರು 1991ರಲ್ಲೇ ತೋರಿಸಿದ್ದರು.

ನನ್ನನ್ನು ಹಿಡಿದು ಕೂರಿಸಿದ ಸಂಗತಿ ಇನ್ನೊಂದು. ಬೆಳೆಯುವ ಮಿದುಳಿನಲ್ಲಿ ಬೇಡದ ಸಿನಾಪ್ಸ್‌ಗಳಿಗೆ ಸಿ1ಕ್ಯೂ ಎಂಬ ಪ್ರೋಟೀನ್ ಗುರುತು ಹಾಕುತ್ತದೆ, ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಅವನ್ನು ನುಂಗಿ ಚೊಕ್ಕ ಮಾಡುತ್ತವೆ. ನಿನ್ನ ಮಿದುಳೂ ಹೀಗೆಯೇ ತಿದ್ದಿಕೊಂಡು ಬೆಳೆದದ್ದು. ನರವಿಜ್ಞಾನಿ ಬೆತ್ ಸ್ಟೀವನ್ಸ್ ತಂಡ 2016ರಲ್ಲಿ ಇಲಿಗಳಲ್ಲಿ ಕಂಡದ್ದೇನೆಂದರೆ, ಆಲ್ಜೈಮರ್ಸ್‌ನ ಆರಂಭದಲ್ಲಿ, ಗಂಟು ಕಟ್ಟುವ ಮೊದಲೇ, ಅದೇ ವ್ಯವಸ್ಥೆ ಮತ್ತೆ ಎದ್ದು ಬೇಕಾದ ಸಿನಾಪ್ಸ್‌ಗಳನ್ನೂ ನುಂಗುತ್ತದೆ. ಕಳೆ ಕೀಳಲು ಬಂದ ಆಳು ಪೈರನ್ನೇ ಕಿತ್ತ ಹಾಗೆ.

ಈಗ ನಿನ್ನ ಇಂಜೆಕ್ಷನ್. ಲೆಕಾನೆಮಾಬ್ ಅಮಿಲಾಯ್ಡನ್ನು ತೆಗೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. 2023ರ ಜುಲೈನಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿಯೂ ಸಿಕ್ಕಿತು. ಪತ್ರಿಕೆಗಳು ಎತ್ತಿ ಬರೆದದ್ದು 18 ತಿಂಗಳಲ್ಲಿ ಕುಸಿತ ಶೇ. 27ರಷ್ಟು ನಿಧಾನವಾಯಿತು ಅಂತ. ಮರೆವು ಎಷ್ಟು ಬಲಿತಿದೆ ಅಂತ ಅಳೆಯುವ 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ 0.45, ಅರ್ಧ ಅಂಕವೂ ಅಲ್ಲ. ಔಷಧ ಪಡೆದವರಲ್ಲಿ ಶೇ. 12.6ರಷ್ಟು ಜನರ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತು. ಅದೂ ತೀರಾ ಆರಂಭದ ಹಂತದವರಿಗೆ ಮಾತ್ರ ಕೊಡುವ ಔಷಧ. ನಿಮ್ಮಜ್ಜಿ ಆ ಹಂತ ದಾಟಿ ಬಹಳ ಕಾಲವಾಯಿತು ಮಗಳೇ. ಹೋದ ಸಿನಾಪ್ಸ್‌ಗಳನ್ನು ಅದು ತಂದುಕೊಡುವುದೂ ಇಲ್ಲ.

ಅಜ್ಜಿಯಲ್ಲಿ ಉಳಿದದ್ದನ್ನು ನೋಡಿದರೆ ನಿನಗೂ ಆಶ್ಚರ್ಯವಾದೀತು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ, ತಿಂಡಿ ತಿಂದ ಮೇಲೆ ತಿಂಡಿ ಎಲ್ಲಿ ಅನ್ನುತ್ತಾರೆ. ಅದೇ ಅಜ್ಜಿ ಅಂಗಳದಲ್ಲಿ ಕೂತು ಚುಕ್ಕಿ ಇಟ್ಟು ಎಳೆ ಎಳೆದರೆ ಒಂದೂ ತಪ್ಪುವುದಿಲ್ಲ. ರೋಗ ಮೊದಲು ಹಿಡಿಯುವುದು ಹಿಪೊಕ್ಯಾಂಪಸ್ ಸುತ್ತಮುತ್ತ, ಹೊಸ ನೆನಪು ಕೂರುವ ಜಾಗವನ್ನು. ಕೈಗೆ ಪಳಗಿದ ವಿದ್ಯೆಯ ಹಾದಿ ಬೇರೆ, ಅದು ಹೆಚ್ಚು ಕಾಲ ತಡೆಯುತ್ತದೆ.

"ನನಗೂ ಬರತ್ತಾ, ಜೀನ್ ಟೆಸ್ಟ್ ಮಾಡಿಸಲಾ?" ಅಂತ ಕೇಳಿದ್ದೀಯ. ಈ ರೋಗದ ಅಪಾಯ ಹೆಚ್ಚಿಸುವ ಎಪಿಒಇ4 ಎಂಬ ಜೀನಿನ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು ಅನ್ನುವ ಲೆಕ್ಕ ಮುಖ್ಯವಾಗಿ ಯುರೋಪ್ ಮೂಲದವರದ್ದು. ಆ ಜೀನ್ ಇದ್ದೂ ರೋಗ ಬಾರದವರು ಬೇಕಾದಷ್ಟಿದ್ದಾರೆ. ನಮ್ಮವರ ಲೆಕ್ಕ ನಮ್ಮಲ್ಲೇ ಆಗಬೇಕು. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಹೌದು, ಅದೇ ಮಾವಿನ ಸೀಮೆಯಲ್ಲಿ, 45 ದಾಟಿದ 10,000 ಹಳ್ಳಿಗರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದ್ದಾರೆ. ಹೊಸ ಔಷಧದ ಸುದ್ದಿಗಿಂತ ಇಂಥ ನಿಧಾನದ ಕೆಲಸದ ಮೇಲೆ ನನಗೆ ಭರವಸೆ ಜಾಸ್ತಿ. ನೀನು ಸದ್ಯಕ್ಕೆ ಟೆಸ್ಟ್ ಬಿಡು, ಬಿಪಿ ನೋಡಿಸಿಕೋ, ಅದನ್ನಾದರೂ ಹತೋಟಿಯಲ್ಲಿಡಬಹುದು.

ದುಡ್ಡು ಕಳಿಸಲೇಬೇಕು ಅಂತಿದ್ದರೆ ಒಳ್ಳೆಯ ಹಿಯರಿಂಗ್ ಏಡ್ ಕೊಡಿಸು. ಈಗಿನದು ಕುಯ್ಯ್ ಅನ್ನುತ್ತದೆ ಅಂತ ಅಜ್ಜಿ ಕಿತ್ತು ಸಕ್ಕರೆ ಡಬ್ಬಿಯಲ್ಲಿಡುತ್ತಾರೆ. ಕೇಳಿಸದವರು ಮಾತನ್ನೇ ಬಿಡುತ್ತಾರೆ. ಕಿವುಡು ಡಿಮೆನ್ಶಿಯಾದ ಅಪಾಯ ಹೆಚ್ಚಿಸುತ್ತದೆ ಅಂತ 2024ರ ಲ್ಯಾನ್ಸೆಟ್ ಆಯೋಗದ ವರದಿಯಲ್ಲೂ ಇದೆ. ಇನ್ನು ಮೇಲೆ ಫೋನನ್ನು ನಮ್ಮ ಬೆಳಿಗ್ಗೆಯೇ ಮಾಡು, ಸಂಜೆಯಾದರೆ ಅಜ್ಜಿ ತವರಿಗೆ ಹೊರಡುತ್ತೇನೆ ಅಂತ ಚೀಲ ಹಿಡಿದು ನಿಲ್ಲುತ್ತಾರೆ. "ನಾನು ಯಾರು ಹೇಳಿ ನೋಡೋಣ" ಅಂತ ಮಾತ್ರ ಕೇಳಬೇಡ. ನಿನ್ನ ಹೆಸರು ಹೇಳಿಯೇ ಮಾತು ಶುರುಮಾಡು.

ನಿನ್ನ
ಅಮ್ಮ